ಅತ್ತೆಗೆ ಮಂಡಿಯೂರಿದ ವೈಲ್ಡ್‌ಬೀಸ್ಟ್

ಸಫಾರಿ ಪಾರ್ಕಿನಲ್ಲಿ ಆಫ್ರಿಕಾ ಮೂಲದ ಆ ವೈಲ್ಡ್‌ಬೀಸ್ಟ್ ನಮ್ಮ ಕಾರಿನೆದುರು ಮುಂಗಾಲು ಮಡಿಸಿ, ಮಂಡಿಯೂರಿ, ತಲೆಯನ್ನು ನೆಲಕ್ಕೆ ಹಚ್ಚಿತು. ಎಮ್ಮೆಯ ಕೊಂಬು, ಕುದುರೆಯ ಜೂಲು, ಮೇಕೆಯ ಗಡ್ಡದ ಆ ಪ್ರಾಣಿಯನ್ನು ಅಲ್ಲಿಯತನಕ ಮೂಗು ಮುರಿದು ನೋಡುತ್ತಿದ್ದ ನಮ್ಮತ್ತೆ ಕರಗಿಹೋದರು. ಮೈಸೂರಿನಿಂದ ಅಮೆರಿಕದ ಹರ್ನ್‌ಡನ್‌ನ ನಮ್ಮ ಮನೆಗೆ ಬಂದಾಗಿನಿಂದ, ಇಲ್ಲಿ ಯಾರೂ ಕಾಲಿಗೆ ಬೀಳುವುದಿಲ್ಲ ಎಂಬ ಕೊರಗು ಅವರಿಗಿತ್ತು. ಆ ‘ಯಾರೂ’ ಎಂದರೆ ನಾನೇ.

“ನೋಡಮ್ಮ, ಪ್ರಾಣಿಗಿರೋ ಸಂಸ್ಕಾರ,” ಎಂದು ನನಗೆ ಹೇಳಿ, ಕಾರಿನ ಗಾಜಿನೊಳಗಿಂದಲೇ ಕೈಯೆತ್ತಿ ಅದನ್ನು ಹರಸಿದರು.

ಹಿಂದೆ ಜೀಪಿನಲ್ಲಿದ್ದ ಪಾರ್ಕಿನ ಸಿಬ್ಬಂದಿ, ಬೇಗ ರಿವರ್ಸ್ ತೆಗೆಯಿರಿ ಎಂದು ಕೂಗಿದ. ತನ್ನ ಜಾಗಕ್ಕೆ ಬಂದವರನ್ನು ಗಂಡು ವೈಲ್ಡ್‌ಬೀಸ್ಟ್ ಕಾಳಗಕ್ಕೆ ಕರೆಯುವುದೇ ಹೀಗೆ ಮಂಡಿಯೂರಿಯಂತೆ. ಅದನ್ನು ಅತ್ತೆಗೆ ಕನ್ನಡದಲ್ಲಿ ವಿವರಿಸುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಚ್ಚೇ ಉತ್ಸಾಹವಿತ್ತು. ಅಷ್ಟರಲ್ಲಿ ಬಂಪರ್‌ಗೆ ಕೊಂಬು ತಾಗಿದ ಸದ್ದು ಕೇಳಿತು. ಹರಸಿದ ಕೈ ಸೀಟ್ ಬೆಲ್ಟ್ ಹಿಡಿದುಕೊಂಡಿತು.

ಮುಂದೆ ಗೌರಿ ಹಬ್ಬದ ದಿನ, ನಾನಾಗಿಯೇ ಅತ್ತೆಗೆ ನಮಸ್ಕರಿಸಲು ಮಂಡಿಯೂರಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. “ನಮಸ್ಕಾರಾನೋ ಜಗಳಾನೋ, ಮೊದ್ಲು ಹೇಳ್ಬಿಡಮ್ಮ.”