ಉಗುಳುವ ಲೋಟ

ನಮ್ಮ ಲ್ಯಾಬಿನಲ್ಲಿ ಪ್ರತಿಯೊಬ್ಬರ ಮುಂದೆಯೂ ಎರಡು ಬಗೆಯ ಲೋಟಗಳಿರುತ್ತಿದ್ದವು. ಸಣ್ಣವುಗಳಲ್ಲಿ ಹಾಗಲಕಾಯಿಯ ರಸ, ಮೇಲೆ ಬರೀ ಒಂದು ನಂಬರು. ದೊಡ್ಡದು ಖಾಲಿ, ಅದು ರುಚಿ ನೋಡಿದ ಮೇಲೆ ಉಗುಳುವುದಕ್ಕೆ. ನಾನು ರಾಯಚೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ಕಾಲ ಅದು. ಯಾವ ತಳಿಯ ಹಾಗಲ ಎಷ್ಟು ಕಹಿ, ಉಪ್ಪುನೀರಲ್ಲಿ ನೆನೆಸಿದರೆ, ಕುದಿಸಿದರೆ, ಒಣಗಿಸಿದರೆ ಆ ಕಹಿ ಎಷ್ಟು ಇಳಿಯುತ್ತದೆ, ಕಹಿಯ ಜೊತೆ ಔಷಧಿ ಗುಣವೂ ಹೋಗಿಬಿಡುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಉಳಿದದ್ದನ್ನು ಮಷಿನ್ನು ಅಳೆಯುತ್ತಿತ್ತು. ತಿನ್ನುವವರಿಗೆ ಎಷ್ಟು ಕಹಿ ಅನ್ನಿಸುತ್ತದೆ ಎಂಬುದನ್ನು ನಾಲಿಗೆಯೇ ಹೇಳಬೇಕಿತ್ತು. ಅದಕ್ಕೇ ಏಳು ಜನ ಕೂತು ರುಚಿ ನೋಡುತ್ತಿದ್ದೆವು, ನಾಲಿಗೆಯ ಕಹಿ ಹೋಗಲು ಮಂಡಾಳು, ಅಂದರೆ ಮಂಡಕ್ಕಿ, ಅಗಿದು, ನೀರು ಮುಕ್ಕಳಿಸಿ, ಮತ್ತೆ ನೋಡುತ್ತಿದ್ದೆವು.

ನನ್ನ ದೊಡ್ಡ ಲೋಟ ಮಾತ್ರ ಯಾವಾಗಲೂ ಒಣಗಿರುತ್ತಿತ್ತು. ನಾನು ನುಂಗುತ್ತಿದ್ದೆ. ನಮ್ಮದು ಊಟಕ್ಕೆ ಪ್ರಸಾದ ಎನ್ನುವ ಮನೆ. ದೇವದುರ್ಗದಲ್ಲಿರುವ ನಮ್ಮವ್ವ ತಾಟು ತೊಳೆದ ನೀರನ್ನೂ ಕುಡಿಸಿ ನಮ್ಮನ್ನು ಬೆಳೆಸಿದವಳು; ಬಾಯಿಗೆ ಹಾಕಿಕೊಂಡದ್ದನ್ನು ಉಗುಳಿದರೆ ಬೆನ್ನ ಮೇಲೆ ಒಂದು ಬೀಳುತ್ತಿತ್ತು. "ನುಂಗಬ್ಯಾಡ್ರೀ, ಹೊಟ್ಟಿ ಕೆಡ್ತದ" ಎಂದು ಲ್ಯಾಬಿನ ಮೇಡಂ ಎಷ್ಟೋ ಸಲ ಹೇಳಿದರು. ಹೂಂ ಎನ್ನುತ್ತಿದ್ದೆ, ನುಂಗುತ್ತಿದ್ದೆ. ಉಳಿದವರು ಮುಖ ಕಿವುಚಿದಾಗ ನಾನು ಗಟಕ್ಕನೆ ನುಂಗಿ ಕೂರುವುದರಲ್ಲಿ ಸ್ವಲ್ಪ ಜಂಬವೂ ಇತ್ತು ಅನ್ನಿ.

ಅದೊಂದು ವಾರ ಬಲಿತ ಬೀಜವನ್ನೂ ಸೇರಿಸಿ ಅರೆದ ರಸ ಬಂತು. ಕಾಯಿಗಳು ಚೀಕಲಪರ್ವಿಯ ಹೊಳೆದಂಡೆಯ ತೋಟದವು. ನನ್ನ ಗಂಡ ಮಾನ್ವಿಯಲ್ಲಿ ಹೈಸ್ಕೂಲ್ ಮಾಸ್ತರು; ತೋಟಕ್ಕೆ ಹೋಗಿ, ಚೀಲ ತುಂಬಿಸಿ, ರಾಯಚೂರಿನ ಬಸ್ಸಿಗೆ ಹಾಕುತ್ತಿದ್ದವರು ಅವರೇ. ಆರು ದಿನ ಆ ರಸ ನುಂಗಿದೆ. ಏಳನೇ ದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ನಿಂತು ನೋಡಿದರೆ ಟೆಸ್ಟ್ ಪಟ್ಟಿಯ ಮೇಲೆ ಎರಡು ಗೆರೆ.

ಹಿಂದಿನ ವರ್ಷ ಎರಡನೇ ತಿಂಗಳಿಗೇ ಒಂದು ಬಸಿರು ಹೋಗಿತ್ತು. ಮತ್ತೆ ಎರಡು ಗೆರೆ ನೋಡಲು ನಾನು ಹರಕೆ ಹೊತ್ತಿದ್ದೆ. ಆದರೆ ಆ ಕ್ಷಣ ನೆನಪಾದದ್ದು ಹರಕೆಯಲ್ಲ, ನನ್ನದೇ ಕೈಬರಹದ ಒಂದು ಸಾಲು. ಗಬ್ಬದ ಇಲಿಗಳಿಗೆ ಹಾಗಲದ ಬೀಜದ ಸಾರ ಕೊಟ್ಟಾಗ ಗಬ್ಬ ಇಳಿದದ್ದನ್ನು ಕಂಡವರ ಬರಹಗಳನ್ನು ಓದಿ, "ಬಸುರಿಯರು ಇದನ್ನು ಬಳಸದಿರುವುದು ಒಳಿತು" ಎಂದು ಟಿಪ್ಪಣಿ ಬರೆದು ಪುಟ ತಿರುವಿದ್ದೆ. ಬರೆದವಳೂ ನಾನೇ, ಕುಡಿದವಳೂ ನಾನೇ. ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟೆ.

ಡಾಕ್ಟರಮ್ಮ ಎಲ್ಲ ಕೇಳಿದರು. "ನೀವು ಕುಡದಿದ್ದು ಒಂದೊಂದು ಗುಟುಕು. ಭಾಳ ಹೆದರಬ್ಯಾಡ್ರಿ. ಆದ್ರ ಇನ್ನ ಮುಟ್ಟಬ್ಯಾಡ್ರಿ. ಹತ್ತು ದಿನ ಬಿಟ್ಟು ಬರ್ರಿ, ಎದಿಬಡಿತ ನೋಡೋಣು" ಅಂದರು. ಹತ್ತು ದಿನ! ಹೊಟ್ಟೆ ಸ್ವಲ್ಪ ಚಿವುಟಿದರೂ ಬಚ್ಚಲಿಗೆ ಓಡಿ ಬಟ್ಟೆ ನೋಡಿಕೊಳ್ಳುತ್ತಿದ್ದೆ. ಮೂರು ತಿಂಗಳು ತುಂಬುವ ತನಕ ಹೊರಗೆ ಹೇಳಬಾರದು ಎಂಬ ಮಾತೊಂದು ಬೇರೆ ಬಾಯಿ ಕಟ್ಟಿತ್ತು. ಲ್ಯಾಬಿಗೆ ಜ್ವರ ಎಂದು ಸುಳ್ಳು ಹೇಳಿದೆ. ಗಂಡನಿಗೆ ಎರಡು ಗೆರೆಯ ಸುದ್ದಿ ಹೇಳಿದೆ, ರಸದ ಸುದ್ದಿ ಹೇಳಲಿಲ್ಲ. ಅವರೇ ಕಳಿಸಿದ ಚೀಲದ ಕಾಯಿಯ ರಸ ಎಂದು ಯಾವ ಬಾಯಿಂದ ಹೇಳಲಿ?

ನಾಲ್ಕನೇ ದಿನ ತಡೆಯಲಾಗದೆ ದೇವದುರ್ಗದ ಬಸ್ಸು ಹತ್ತಿದೆ. ಮಧ್ಯಾಹ್ನ ಅವ್ವ ಒಬ್ಬಳೇ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು.

"ಯಾಕ, ಮಾರಿ ಹಿಂಗ್ಯಾಕ ಮಾಡ್ಕೊಂಡಿ?"

ಎಲ್ಲ ಹೇಳಿದೆ. "ಉಗುಳಬೇಕಿತ್ತವ್ವಾ. ನಾ ನುಂಗೀನಿ. ಆರು ದಿನ ನುಂಗೀನಿ" ಎಂದು ಅತ್ತೆ.

ಮೊರ ಕೆಳಗಿಟ್ಟು, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಬೈಯುತ್ತಾಳೆ ಅಂದುಕೊಂಡೆ.

"ಅಂಜಬ್ಯಾಡ. ನೀ ಹೊಟ್ಟ್ಯಾಗ ಇದ್ದಾಗ ನಾನೂ ಕುಡದೀನಿ."

"ಯಾಕ? ಸಕ್ರಿ ಕಾಯಿಲೆ ಇತ್ತೇನು ನಿನಗ?"

ಅವ್ವ ನನ್ನ ಮುಖ ನೋಡಲಿಲ್ಲ. "ಎರಡು ಹೆಣ್ಣು ಆಗಿದ್ವು. ಮೂರನೇದೂ ಹೆಣ್ಣೇ ಅಂತ ನಿಮ್ಮಪ್ಪನ ಅವ್ವಗ ಯಾರೋ ಹೇಳಿದ್ರು. ಹಾಗಲಕಾಯಿ ರಸ ಹಿಂಡಿ, ಲೋಟ ಹಿಡಕೊಂಡು ಮುಂದ ನಿಂದ್ರತಿದ್ಲು. ಎರಡು ದಿನ ಕುಡದೆ. ಮೂರನೇ ದಿನ ಬಾಯಾಗ ಹಿಡಕೊಂಡು ಹಿತ್ತಲಕ ಹೋಗಿ ಉಗುಳಿದೆ. ಆಮ್ಯಾಲ ಎಂಟು ದಿನ ಹಂಗೇ ಮಾಡಿದೆ. ನುಂಗೀನಿ ಅಂತ ಸುಳ್ಳು ಹೇಳಿದೆ. ಜನ್ಮದಾಗ ನಾ ಬಾಯಾಗಿಂದು ಉಗುಳಿದ್ದು ಅದೊಂದೇ."

ನಮ್ಮ ಮನೆಗೆ ಹಾಗಲಕಾಯಿ ಬಂದದ್ದನ್ನು ನಾನು ಕಂಡಿರಲಿಲ್ಲ. ಅಪ್ಪನಿಗೆ ಕಹಿ ಸೇರುವುದಿಲ್ಲ ಎಂದು ತಿಳಿದಿದ್ದೆ. ಲೋಟ ಹಿಡಿದು ನಿಂತ ಆ ಅಜ್ಜಿಯೇ ದಿನಾ ನನಗೆ ಜಡೆ ಹಾಕಿ ಸಾಲಿಗೆ ಕಳಿಸುತ್ತಿದ್ದವಳು. ಅವ್ವ ನನಗೆ ಧೈರ್ಯ ಹೇಳಲೆಂದೇ ಇದನ್ನು ಹೇಳಿದ್ದಳು, ಅವಳ ಹತ್ತಿರ ಇದ್ದ ಧೈರ್ಯ ಇದೊಂದೇ. ನನಗೆ ಮಾತ್ರ ಭಯ ಇಮ್ಮಡಿಯಾಯಿತು. ಅವ್ವನ ಹೊಟ್ಟೆಯಲ್ಲಿ ನಾನು ಎರಡು ದಿನ ತಾಳಿದ್ದೆ. ನನ್ನ ಕೂಸಿಗೆ ಆರು ದಿನ ಆಗಿತ್ತು. ಒಬ್ಬಳು ಉಳಿದಳೆಂದರೆ ಅದು ಪುರಾವೆಯಲ್ಲ ಎಂದು ಓದಿದ ತಲೆ ಹೇಳುತ್ತಿತ್ತು. ಆ ದಿನ ಅವ್ವನ ಮಗ್ಗುಲಲ್ಲೇ ಮಲಗಿದೆ, ಅವಳ ಸೆರಗು ಹಿಡಿದುಕೊಂಡು.

ಹತ್ತನೇ ದಿನ ಅವ್ವನೇ ನನ್ನ ಜೊತೆ ರಾಯಚೂರಿಗೆ ಬಂದಳು. ಸ್ಕ್ಯಾನಿಂಗ್ ಕೋಣೆಯಲ್ಲಿ ನಾನು ಪರದೆ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತ ಮಲಗಿದ್ದೆ. "ಈ ಕಡಿ ನೋಡ್ರೀ" ಎಂದು ಡಾಕ್ಟರಮ್ಮ ಎರಡು ಸಲ ಹೇಳಬೇಕಾಯಿತು. ಪರದೆಯ ಮೇಲೆ ಏನೋ ಸಣ್ಣದು ಪಟಪಟ ಮಿಡಿಯುತ್ತಿತ್ತು.

ಮಾರನೇ ದಿನ ಮೇಡಂಗೆ ನಿಜ ಹೇಳಿದೆ. ಮೊದಲು ಬೈದರು, ಆಮೇಲೆ "ನಾ ಮೊದ್ಲೇ ಕೇಳಬೇಕಿತ್ತು" ಎಂದರು. ರುಚಿ ನೋಡುವವರು ತುಂಬುವ ಫಾರಂಗೆ ಅವತ್ತೇ ಬಸುರಿಯೇ ಎಂಬ ಒಂದು ಪ್ರಶ್ನೆ ಸೇರಿತು. ಆದರೂ ನನ್ನ ಅಂಜಿಕೆ ಹೆರಿಗೆಯ ತನಕ ಹೋಗಲಿಲ್ಲ; ಹೆತ್ತ ಮೇಲೂ ಮೊದಲು ಎಣಿಸಿದ್ದು ಬೆರಳುಗಳನ್ನು.

ಆ ಮಗಳಿಗೆ ಈಗ ನಾಲ್ಕು ವರ್ಷ. ಮೊನ್ನೆ ಅವ್ವ ಬಂದಿದ್ದಾಗ ಬೆಲ್ಲ, ಹುಣಸೆಹುಳಿ ಹಾಕಿ ಹಾಗಲಕಾಯಿ ಪಲ್ಯ ಮಾಡಿದ್ದೆ. ಮಗಳು ಒಂದು ತುತ್ತು ಬಾಯಿಗಿಟ್ಟುಕೊಂಡು ಥೂ ಎಂದು ತಾಟಿಗೇ ಉಗುಳಿದಳು. ರೂಢಿಬಲದಿಂದ ನನ್ನ ಕೈ ಮೇಲೆದ್ದಿತು. ಅವ್ವ ನನ್ನ ಮುಂಗೈ ಹಿಡಿದುಕೊಂಡಳು.

"ಉಗುಳ್ಲಿ ಬಿಡು" ಅಂದಳು, ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು.