ದೂರಿದವರಿಗೇ ಖಾತೆ

ನಮ್ಮ ಗಿರಣಿಯ ಹಮಾಲರ ಮೇಸ್ತ್ರಿಯ ಕತ್ತಿನ ಹಿಂದೆ, ಎರಡು ಹೆಗಲೂ ಕೂಡುವ ಜಾಗದಲ್ಲಿ, ನಿಂಬೆಹಣ್ಣಿನ ಗಾತ್ರದ ಒಂದು ಗಂಟಿತ್ತು. ಮೂವತ್ತು ವರ್ಷ ಅಕ್ಕಿ ಚೀಲ ಹೊತ್ತು ಎದ್ದ ಗಂಟು. ಯೋಚನೆಗೆ ಬಿದ್ದಾಗ ಬೇರೆಯವರು ತಲೆ ಕೆರೆದುಕೊಂಡರೆ ಇವರು ಅದನ್ನು ಸವರಿಕೊಳ್ಳುತ್ತಿದ್ದರು. ಅವರ ಊರು ಕುರುಗೋಡು. ಅಲ್ಲಿಯ ಗುಡಿಯ ದೊಡ್ಡ ಬಸವಣ್ಣನನ್ನು ನೋಡಿದ ಹಮಾಲರು, "ಮೇಸ್ತ್ರಿ, ನಿಮ್ಮೂರಾಗ ಹುಟ್ಟಿದವ್ರಿಗೆಲ್ಲ ಡುಬ್ಬ ಇರ್ತೈತೇನು?" ಎಂದು ಕೆಣಕುತ್ತಿದ್ದರು. "ಬಸವಣ್ಣ ಕುಂತಾನ, ನಾ ಹೊರಾಕತ್ತೀನಿ. ಅಷ್ಟ ಫರಕು" ಎನ್ನುವುದು ಅವರ ಉತ್ತರ.

ನಾನು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಶುರುವಿನಲ್ಲಿ. ಬೇಯಿಸಿದ ಭತ್ತವನ್ನು ಗಚ್ಚಿನ ಕಣದ ಮೇಲೆ ಹರವಿ, ಬಿಸಿಲಲ್ಲಿ ಕಾಲಿನಿಂದ ತಿರುವಿ ಒಣಗಿಸುವುದು ನಮ್ಮ ಹೆಂಗಸರ ಕೆಲಸ. ಚೀಲ ಹೊರುವುದು ಹಮಾಲರ ಕೆಲಸ. ಹತ್ತನೇ ಕ್ಲಾಸಿನಲ್ಲಿ ಲೆಕ್ಕ ನನ್ನನ್ನು ಕೆಡವಿತ್ತು, ಆದರೆ ಓದು ಮತ್ತು ಬಾಯಿ ಎರಡೂ ಜೋರಾಗಿದ್ದವು. ಹಾಗಾಗಿ ಮಧ್ಯಾಹ್ನದ ಬುತ್ತಿ ಉಂಡ ಮೇಲೆ ಬೇವಿನ ಮರದ ಕೆಳಗೆ ಎಲ್ಲರಿಗೂ ಪತ್ರಿಕೆ ಓದಿ ಹೇಳುವ ಕೆಲಸವನ್ನು ಮೇಸ್ತ್ರಿ ನನಗೆ ವಹಿಸಿದ್ದರು.

ಆ ವರ್ಷ ಬೆಂಗಳೂರಿನಲ್ಲಿ ಹಳೇ ಪಕ್ಷ ಸೋತು ಹೊಸ ಸರ್ಕಾರ ಬಂತು. ಯಾರಿಗೆ ಯಾವ ಖಾತೆ ಎಂಬ ಉದ್ದನೆಯ ಪಟ್ಟಿಯನ್ನು ಓದಿದೆ. ಮೇಸ್ತ್ರಿ ಗಂಟು ಸವರಿಕೊಂಡರು. ಆಗಷ್ಟೇ ಅವರು ಹಮಾಲರ ಸಂಘ ಕಟ್ಟಲು ಒದ್ದಾಡುತ್ತಿದ್ದರು, ಯಾರೂ ಜವಾಬ್ದಾರಿಗೆ ಕೊರಳು ಕೊಡುತ್ತಿರಲಿಲ್ಲ.

"ಕಾರ್ಯದರ್ಶಿ, ಖಜಾಂಚಿ ಅಂದ್ರ ನಮ್ಮವ್ರು ಹೆದ್ರತಾರ. ಮಂತ್ರಿ ಅಂದ್ರ ಯಾರು ಬ್ಯಾಡ ಅಂತಾರ? ನಾವೂ ಒಂದು ಸರ್ಕಾರ ಮಾಡೂನು" ಎಂದರು.

ಅಮಾವಾಸ್ಯೆಯ ದಿನ ಯಾವ ಹಮಾಲನೂ ಚೀಲ ಹೊರುವುದಿಲ್ಲ. ಆ ರಜೆಯ ಬೆಳಗ್ಗೆ, ಅದೇ ಬೇವಿನ ಮರದಡಿ, ತುಂಬಿದ ಅಕ್ಕಿ ಚೀಲದ ಮೇಲೆ ಕೈಯಿಟ್ಟು ಮಂತ್ರಿಗಳು ಪ್ರಮಾಣ ಮಾಡಿದರು. ದೊಡ್ಡ ಮಂತ್ರಿ ಮೇಸ್ತ್ರಿಯೇ. ಖಾತೆ ಹಂಚುವುದಕ್ಕೆ ಅವರ ಕಾನೂನು ಒಂದೇ ಇತ್ತು. ಯಾವುದು ಸರಿಯಿಲ್ಲವೆಂದು ಯಾರು ದೂರುತ್ತಾರೋ, ಅದರ ಖಾತೆ ಅವರಿಗೇ. ಕುಡಿಯುವ ನೀರಿನ ಪೀಪಾಯಿ ಗಲೀಜು ಅಂದವನು ನೀರಿನ ಮಂತ್ರಿಯಾಗಿ ಅದನ್ನು ತಿಕ್ಕತೊಡಗಿದ. ಕೆಲಸ ಮುಗಿಯುವ ಮೊದಲೇ ಸಂಜೆಯ ಬಸ್ಸು ಹೊರಟುಬಿಡುತ್ತದೆ ಎಂದು ಗೊಣಗಿದ ಕರೂರಿನ ಬಿಸಿರಕ್ತದ ಹಮಾಲನೊಬ್ಬನಿಗೆ, "ಸರೇ, ಆ ಖಾತಿ ನಿಂದು" ಎಂದರು. ಅವನು ದಿನಾ ಸಂಜೆ ಬಸ್ಸಿನ ಮೂತಿಯ ಮೇಲೆ ಕೈಯಿಟ್ಟು, ಕೊನೆಯ ಹಮಾಲ ಹತ್ತುವವರೆಗೂ ನಿಲ್ಲುತ್ತಿದ್ದ. ಕಡೆಕಡೆಗೆ ಡ್ರೈವರನೇ, "ಮಂತ್ರಿಗಳೇ, ಬಿಡ್ಲೇನ್ರಿ ಗಾಡಿ?" ಎಂದು ಕೇಳತೊಡಗಿದ.

ತೆಕ್ಕಲಕೋಟೆಯ ಮುದುಕನೊಬ್ಬನಿದ್ದ, ಅವನಿಗೆ ಲೋಕದಲ್ಲಿ ಯಾವ ದೂರೂ ಇರಲಿಲ್ಲ. ಅವನನ್ನು ಖಾತೆ ಇಲ್ಲದ ಮಂತ್ರಿ ಮಾಡಿದರು. ಎಲ್ಲರಿಗಿಂತ ಹೆಚ್ಚು ಬೀಗಿದವನು ಅವನೇ.

ಬೆಂಗಳೂರಿನವರು ಆಗೊಮ್ಮೆ ಈಗೊಮ್ಮೆ ಸಂಪುಟ ಬದಲಿಸಿದರೆ ನಮ್ಮಲ್ಲಿ ಪ್ರತಿ ಅಮಾವಾಸ್ಯೆಗೂ ಬದಲಾವಣೆ. ಕಂಡಕ್ಟರನ ಜೊತೆ ಜಗಳ ತೆಗೆದ ಕರೂರಿನವನಿಂದ ಬಸ್ಸಿನ ಖಾತೆ ಕಿತ್ತು ಚಹಾದ ಖಾತೆ ಕೊಟ್ಟಾಗ ಅವನು ಎರಡು ದಿನ ಯಾರ ಸಂಗಡವೂ ಮಾತಾಡಲಿಲ್ಲ. ನಾವು ಹೆಂಗಸರು ಹಿಂದೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಅದು ನಮ್ಮ ಸರ್ಕಾರವಲ್ಲ ಎಂಬುದು ಆವರೆಗೆ ನನಗೆ ಹೊಳೆದಿರಲಿಲ್ಲ.

ಹೊಳೆದದ್ದು ಹೀಗೆ. ಒಬ್ಬ ಹಮಾಲನ ಪಾದದ ಮೇಲೆ ಚೀಲ ಬಿದ್ದು ಒಂದು ತಿಂಗಳು ಮಲಗಿದ. ಅವನು ಕುಂಟುತ್ತ ಬಂದ ದಿನ ಮೇಸ್ತ್ರಿ ಗೇಟಿನಲ್ಲಿ ನಿಂತು ಅವನ ಜಾಗ ಅವನಿಗೆ ಕೊಡಿಸಿದರು. ಅದೇ ವಾರ ಕಣದಲ್ಲಿ ನನ್ನ ಜೊತೆ ಭತ್ತ ತಿರುವುವ ಗೆಳತಿ, ಜ್ವರದಿಂದ ಎದ್ದು ನಾಲ್ಕನೇ ದಿನ ಬಂದರೆ, ಅವಳ ಜಾಗದಲ್ಲಿ ಬೇರೆಯವಳಿದ್ದಳು. ಗಿರಣಿಯ ಗುಮಾಸ್ತ ಹೋಗೆಂದು ಕೈಯಾಡಿಸಿದ, ಅವಳು ಬುತ್ತಿ ಎತ್ತಿಕೊಂಡು ಮನೆಗೆ ಹೋದಳು. ಕೇಳುವವರು ಯಾರೂ ಇರಲಿಲ್ಲ. ನನಗಾಗ ಐದು ತಿಂಗಳು. ಹೆರಿಗೆಗೆ ಹೋದರೆ ನನ್ನ ಜಾಗವೂ ಹೀಗೇ ಹೋಗುತ್ತದೆ ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೆದರಿದೆ.

ಮುಂದಿನ ಅಮಾವಾಸ್ಯೆಗೆ, ಸಂಘ ನೋಂದಾಯಿಸಲು ಬಳ್ಳಾರಿಯ ಕಾರ್ಮಿಕ ಕಚೇರಿಗೆ ಕೊಡಬೇಕಾದ ಪಟ್ಟಿ ಬರೆಯಲು ನನ್ನನ್ನೇ ಕೂರಿಸಿದರು. ಅವರು ಹೇಳುತ್ತ ಹೋದರು, ನಾನು ಹೆಸರು ಬರೆಯುತ್ತ ಹೋದೆ. ಎಲ್ಲಾ ಗಂಡಸರದೇ.

"ಮುಗೀತೇನು ತಂಗಿ?" ಎಂದರು ಮೇಸ್ತ್ರಿ.

"ಮುಗೀತ್ರಿ. ಬರದಾಕಿ ಹೆಸರ ಇದ್ರಾಗಿಲ್ಲ."

ಯಾರೋ ನಕ್ಕರು. "ಹೆಂಗಸ್ರು ಚೀಲ ಹೊರ್ತಾರೇನು?" ಎಂದ ಕರೂರಿನವನು.

"ನಾವು ಒಣಗಿಸ್ಲಿಲ್ಲಂದ್ರ ನೀವೇನು ಹೊರ್ತೀರಿ, ಗಾಳೀನಾ?"

ಮೇಸ್ತ್ರಿ ನಗಲಿಲ್ಲ. "ಇದು ಯಾರ ಮ್ಯಾಲಿನ ದೂರು?" ಎಂದು ಕೇಳಿದರು.

ನನ್ನ ಬಾಯಿಗೆ ಕಡಿವಾಣವಿರಲಿಲ್ಲ. "ನಿಮ್ಮ ಮ್ಯಾಲ. ಈ ಸರ್ಕಾರದ ದೊಡ್ಡ ಮಂತ್ರೀನ ಸರಿ ಇಲ್ಲ."

ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು. ನಾಳೆಯಿಂದ ಗುಮಾಸ್ತ ಬೇಡ, ಇವರೇ ನನ್ನನ್ನು ಓಡಿಸುತ್ತಾರೆ ಅಂದುಕೊಂಡೆ. ಮೇಸ್ತ್ರಿ ಬಹಳ ಹೊತ್ತು ಗಂಟು ಸವರಿಕೊಂಡರು. ಆಮೇಲೆ, ತಾವು ಕೂತಿದ್ದ ಮಡಿಚಿದ ಗೋಣಿಚೀಲದಿಂದ ಎದ್ದು, ಹೆಗಲ ಟವೆಲಿನಿಂದ ಅದರ ಧೂಳು ಝಾಡಿಸಿದರು.

"ಸರೇ. ಕಾನೂನು ಕಾನೂನ. ಆ ಖಾತಿ ಇನ್ನ ನಿಂದು. ಬಾ, ಕುಂದ್ರು."

ತಮಾಷೆ ಅಂದುಕೊಂಡೆವು. ಅವರು ನೇರ ಹೋಗಿ ತೆಕ್ಕಲಕೋಟೆಯ ಮುದುಕನ ಪಕ್ಕ ಕೂತು, "ಅಜ್ಜಾ, ಜರಾ ಸರೀರಿ. ನಾನೂ ಖಾತಿ ಇಲ್ಲದಾಂವ" ಎಂದರು.

ನಾನು ಕೂತೆ. ಪಟ್ಟಿಯ ಕೊನೆಗೆ ನನ್ನ ಹೆಸರು, ಜ್ವರದ ಗೆಳತಿಯ ಹೆಸರು, ಕಣದ ಹೆಂಗಸರೆಲ್ಲರ ಹೆಸರು ಬರೆದೆ. ಕರೂರಿನವನು ಎದ್ದು ನಿಂತ.

"ಹೆಂಗಸ್ರ ಸಲುವಾಗಿ ನಾವು ಗೇಟಿಗೆ ನಿಂದರಬೇಕೇನು? ಇದು ಸರಿ ಬರಂಗಿಲ್ಲ."

ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನನ್ನ ಮುಖ ನೋಡಿದರು. ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಸರೇ ಅಣ್ಣಾ" ಎಂದೆ. "ಹೆಂಗಸ್ರ ಖಾತಿ ನಿಮ್ದು."

ನಕ್ಕು ನಕ್ಕು ಹಮಾಲರ ಕಣ್ಣಲ್ಲಿ ನೀರು ಬಂತು. ಕರೂರಿನವನು ಹುಣಸೆಕಾಯಿ ಕಚ್ಚಿದ ಮುಖ ಮಾಡಿಕೊಂಡು ಚೀಲ ಮುಟ್ಟಿ ಪ್ರಮಾಣ ಮಾಡಿದ.

ಬಳ್ಳಾರಿಯ ಕಚೇರಿಯಲ್ಲಿ ನಮ್ಮ ಪಟ್ಟಿ ನೋಡಿದ ಸಾಹೇಬರು ಕನ್ನಡಕ ತೆಗೆದರು. ಹೆಸರುಗಳ ಮುಂದೆ ನಾನು 'ಚಹಾ ಮಂತ್ರಿ', 'ನೀರಿನ ಮಂತ್ರಿ' ಎಂದು ಇದ್ದದ್ದು ಇದ್ದಹಾಗೇ ಬರೆದಿದ್ದೆ. "ಏನಮ್ಮಾ, ವಿಧಾನಸೌಧ ಸಿರುಗುಪ್ಪಕ್ಕೆ ಬಂದೈತೇನು?" ಎಂದರು. ವರಾಂಡದಲ್ಲಿ ಕೂತು ಎಲ್ಲವನ್ನೂ ಮತ್ತೆ ಬರೆದೆ. ಅಧ್ಯಕ್ಷರು ಯಾರು ಎಂದು ಕೇಳಿದಾಗ ಮೇಸ್ತ್ರಿ ನನ್ನ ಕಡೆ ಬೆರಳು ತೋರಿಸಿದರು. ಸಾಹೇಬರು ಒಮ್ಮೆ ನನ್ನ ಹೊಟ್ಟೆ ನೋಡಿ ಕುರ್ಚಿ ತರಿಸಿದರು. ಸರ್ಕಾರಿ ಕಚೇರಿಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

ಮಗಳು ಹುಟ್ಟಿ ಮೂರು ತಿಂಗಳಿಗೆ ಗಿರಣಿಗೆ ಬಂದೆ. ಗುಮಾಸ್ತ ಎಂದಿನಂತೆ ಕೈಯಾಡಿಸಿದ. ಕರೂರಿನವನು ಹೊತ್ತ ಚೀಲವನ್ನು ಲಾರಿಗೆ ಹಾಕಿ, ಚೀಲ ಎಳೆಯುವ ಕೊಕ್ಕೆಯನ್ನು ಗೇಟಿನ ಮುಂದೆ ಎಸೆದು ಅಲ್ಲೇ ಕೂತ. ಅವನ ಹಿಂದೆ ಒಬ್ಬೊಬ್ಬರೇ ಬಂದು ಎಲ್ಲರೂ ಕೂತರು. "ಇದು ನನ್ನ ಖಾತಿ. ನೀವು ನಡುವ ಬರಬ್ಯಾಡ್ರಿ" ಎಂದು ನನಗೇ ಗದರಿಸಿದ. ಒಂದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ನನ್ನ ಜಾಗ ನನಗೆ ಸಿಕ್ಕಿತು. ಮೇಸ್ತ್ರಿ ಮರದ ಕೆಳಗೆ ನನ್ನ ಕೂಸನ್ನು ಎತ್ತಿಕೊಂಡು ನಿಂತಿದ್ದರು, ಅದು ಅವರ ಕತ್ತಿನ ಗಂಟನ್ನು ಹಿಡಿದುಕೊಂಡಿತ್ತು.

ಮೈಯಲ್ಲಿ ಕಸುವು ಮುಗಿದ ಮೇಲೆ ಅವರು ಕುರುಗೋಡಿಗೆ, ಅಣ್ಣನ ಮಗನ ಮನೆಗೆ ಹೋದರು. ಒಮ್ಮೆ ನೋಡಲು ಹೋದಾಗ ಸೊರಗಿ ಕಡ್ಡಿಯಾಗಿದ್ದರು. ನನಗೆ ಸಿಟ್ಟು ಬಂತು. "ಹಿಂಗ ಆಗೀರಿ, ನೋಡ್ಕೊಳ್ಳಾಕ ಯಾರೂ ಇಲ್ಲೇನು?" ಎಂದು ರೇಗಿದೆ.

ಅವರ ಕಣ್ಣು ನಕ್ಕವು. "ದೂರಿದ್ಯಲ್ಲ ತಂಗಿ? ಸರೇ."

ಮರುದಿನವೇ ಅವರನ್ನು ಬಸ್ಸು ಹತ್ತಿಸಿಕೊಂಡು ಸಿರುಗುಪ್ಪದ ನಮ್ಮ ಮನೆಗೆ ಕರೆತಂದೆ. ತೀರಿಹೋಗುವವರೆಗೂ ನಮ್ಮಲ್ಲೇ ಇದ್ದರು, ಮಗಳಿಂದ ಪತ್ರಿಕೆ ಓದಿಸಿಕೊಂಡು. ಕೊನೆಯ ದಿನ ಚಟ್ಟಕ್ಕೆ ಮುಂದಿನ ಹೆಗಲು ಕೊಟ್ಟವನು ಕರೂರಿನವನು. "ಮೇಸ್ತ್ರಿ ಏನೂ ಭಾರ ಇಲ್ಲ" ಎಂದು ಅತ್ತ.

ಸಂಘ ಈಗಲೂ ಅಮಾವಾಸ್ಯೆಗೆ ಸೇರುತ್ತದೆ. ಮೇಸ್ತ್ರಿ ಇಲ್ಲದೆ ಆ ಮರದ ನೆರಳು ಸಪ್ಪೆಯಾಗಿದೆ ಎಂಬ ಮಾತು ಪ್ರತಿ ಸಲವೂ ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಂಡು ನಗೆಮಾತು ಶುರು ಮಾಡುತ್ತೇನೆ. ಹೇಳಿಬಿಟ್ಟರೆ ಆ ಖಾತೆಯೂ ನನಗೇ ಬರುತ್ತದಲ್ಲ.