ಬಿಳಿ ಪೈಲವಾನನ ಪರವಾನಗಿ

ಮೊನ್ನೆ ಸೊಸೆ ಮೊಮ್ಮಗನ ಉಳುಕಿದ ಕಾಲಿಗೆ ತಿಕ್ಕಲೆಂದು ಕುಸುಬಿ ಎಣ್ಣೆಯಲ್ಲಿ ಅರಿಶಿಣ ಹಾಕಿ ಕಾಯಿಸಿದಳು. ಆ ವಾಸನೆ ಪಡಸಾಲೆಗೆ ಬಂದು ಮೂಗಿಗೆ ಬಡಿದಿದ್ದೇ, ಕೈಯಲ್ಲಿದ್ದ ಚಹಾ ಆರಿಹೋಗುವವರೆಗೂ ಕುಡಿಯುವುದನ್ನು ಮರೆತು ಕೂತೆ. ಗೋಕಾಕದ ನಮ್ಮ ಗರಡಿಮನೆಯ ವಾಸನೆ ಅದು. ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರು ದಿನಾ ಕಸರತ್ತು ಮುಗಿದ ಮೇಲೆ ಇದೇ ಎಣ್ಣೆಯನ್ನು ನಮ್ಮ ಕೀಲುಗಳಿಗೆ ಹಚ್ಚುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಎಣ್ಣೆ ಕುಡಿಯುತ್ತಿದ್ದ ಬೆನ್ನು ಒಂದಿತ್ತು. ಬೆಳ್ಳಗಿದ್ದು ಬಿಸಿಲಿಗೆ ಕೆಂಪೇರಿದ, ಹೆಗಲಿನಿಂದ ಪಕ್ಕೆಯವರೆಗೆ ಹಳೇ ಗಾಯದ ಗೆರೆಯಿದ್ದ ಬೆನ್ನು... ಬಿಳಿ ಪೈಲವಾನನದು.

ಅವನು ರುಮೇನಿಯಾ ಎಂಬ ದೇಶದವನು. ಊರೂರು ತಿರುಗಿ ಟಿಕೀಟು ಇಟ್ಟು ಕುಸ್ತಿ ತೋರಿಸುವ ಒಂದು ಕಂಪನಿಯ ಜೊತೆ ನಮ್ಮ ಕಡೆ ಬಂದಿದ್ದ. ಗೋಕಾಕದಲ್ಲಿ ಡೇರೆ ಹಾಕಿದಾಗ ಕಂಪನಿಯ ಮಾಲೀಕ ಒಂದು ದಿನ ಹೇಳದೆ ಕೇಳದೆ ಓಡಿಹೋದ. ಉಳಿದವರು ಹೆಂಗೋ ಮುಂಬಯಿ ಸೇರಿಕೊಂಡರು. ಇವನೊಬ್ಬ ಚಳಿಜ್ವರ ಹಿಡಿದು ಹರಿದ ಡೇರೆಯ ಕೆಳಗೆ ಬಿದ್ದಿದ್ದ. ವಸ್ತಾದರು ಹೋಗಿ ನೋಡಿ, ಆ ಆರಡಿ ದೇಹವನ್ನು ಹೆಗಲಮೇಲೆ ಹೊತ್ತು ತಂದು ಗರಡಿಮನೆಯ ಮೂಲೆಯಲ್ಲಿ ಮಲಗಿಸಿದರು. ಜ್ವರ ಬಿಟ್ಟಿತು. ಅವನು ಮಾತ್ರ ನಮ್ಮನ್ನು ಬಿಟ್ಟು ಹೋಗಲಿಲ್ಲ.

ನಮ್ಮ ಮಾತನ್ನು ಕಲಿತ. ಆದರೆ ಅವನ ಕನ್ನಡದಲ್ಲಿ ಎಲ್ಲವೂ ಗಂಡಸೇ. "ಮಳಿ ಬಂದಾನ" ಅನ್ನುತ್ತಿದ್ದ, "ರೊಟ್ಟಿ ಸುಟ್ಟಾನ" ಅನ್ನುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಬೆನ್ನಿನ ಗೆರೆ ಏನೆಂದು ಒಮ್ಮೆ ಕೇಳಿದೆ. ಹಿಂದಿನ ಮಹಾಯುದ್ಧದಲ್ಲಿ ಮೀಸೆ ಮೂಡುವ ವಯಸ್ಸಿನಲ್ಲೇ ಅವನನ್ನು ಹಿಡಿದು ಸಿಪಾಯಿ ಮಾಡಿದ್ದರಂತೆ. ಬಂದೂಕಿನ ತುದಿಯ ಕತ್ತಿಯಿಂದ ಆದ ಗಾಯ. ತಿವಿದವನನ್ನು ಕೆಸರಿನಲ್ಲಿ ಮುಖ ಒತ್ತಿ ಕೊಂದೆ ಎಂದ. ಆಮೇಲೆ, ಆ ಯುದ್ಧ ಮುಗಿಯುವಷ್ಟರಲ್ಲಿ ತನ್ನೂರಿನ ರಾಜನೇ ಬದಲಾಗಿದ್ದ, ತಾನು ಯಾರ ಪರವಾಗಿ ಕೊಂದೆನೋ ಅವರೇ ಇರಲಿಲ್ಲ ಅಂದ. ಅದನ್ನು ನಗುತ್ತಲೇ ಹೇಳಿದ.

ನನಗಾಗ ಇಪ್ಪತ್ತರ ಮೇಲೆ ಒಂದೆರಡು ವರ್ಷ. ಗರಡಿಯಲ್ಲಿ ಅವನ ಜೋಡಿ ನಾನೇ. ದಿನಾ ಬೆಳಗ್ಗೆ ಅವನು ನನ್ನನ್ನು ಎತ್ತಿ ಒಗೆಯುವುದು, ನಾನು ಮಣ್ಣು ಉಗುಳುತ್ತ ಏಳುವುದು. ಅವನ ಕೈ ಸೊಂಟಕ್ಕೆ ಬಿತ್ತೆಂದರೆ ಉಸಿರು ಅರ್ಧಕ್ಕೆ ನಿಲ್ಲುತ್ತಿತ್ತು.

ಬೆಲ್ಲದ ಬಾಗೇವಾಡಿಯಲ್ಲಿ ಒಂದು ದೊಡ್ಡ ಕುಸ್ತಿ ಆಯಿತು. ಹುಕ್ಕೇರಿ ಕಡೆಯ ಒಬ್ಬ ಗೌಡರ ಮಗ ಆ ಭಾಗಕ್ಕೆಲ್ಲ ಹೆಸರಾದ ಪೈಲವಾನ. ಸೋಲು ಕಂಡವನಲ್ಲ, ಯಾಕೆಂದರೆ ಅವನನ್ನು ಸೋಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಬಿಳಿ ಪೈಲವಾನನಿಗೆ ಇದೆಲ್ಲ ಗೊತ್ತಿಲ್ಲ. ಹಿಡಿದ, ತಿರುಗಿಸಿದ, ಕೆಡವಿದ. ಕೆಳಗೆ ಬಿದ್ದ ಗೌಡರ ಮಗ ಸಿಟ್ಟಿಗೆ ಇವನ ಕಿವಿಯನ್ನು ಕಚ್ಚಿ ಹರಿದ. ಕಿವಿಯಿಂದ ರಕ್ತ ಸುರಿಯುತ್ತಿದ್ದರೂ ಇವನು ಹಿಡಿತ ಸಡಿಲಿಸದೆ ಅವನ ಎರಡೂ ಭುಜಗಳನ್ನು ಮಣ್ಣಿಗೆ ತಾಗಿಸಿಯೇ ಎದ್ದ. ಜನ ಹುಚ್ಚೆದ್ದು ಕೂಗಿದರು. ಗೌಡರ ಮಗ ಮಣ್ಣು ಕೊಡವಿಕೊಳ್ಳದೆ ಹಾಗೇ ಗಾಡಿ ಹತ್ತಿ ಹೋದ.

ಅಷ್ಟರಲ್ಲಿ ಮತ್ತೊಂದು ಯುದ್ಧ ಹತ್ತಿತ್ತು. ಮೊದಮೊದಲು ಅದು ಸೀಮೆಎಣ್ಣೆ ತುಟ್ಟಿಯಾಗುವ ಸುದ್ದಿಯಷ್ಟೇ ಆಗಿತ್ತು ನಮಗೆ. ಆಮೇಲೆ ಅವನ ದೇಶ ಇಂಗ್ಲಿಷರ ವೈರಿಗಳ ಜೊತೆ ಸೇರಿಕೊಂಡಿತು. ಒಂದು ದಿನ ಠಾಣೆಯಿಂದ ಕರೆ ಬಂತು. ವಸ್ತಾದರು, ಅವನು, ನಾನು ಮೂವರೂ ಹೋದೆವು. ಫೌಜದಾರರು ಕೆಟ್ಟ ಮನುಷ್ಯರಲ್ಲ, ಆದರೆ ಸರಕಾರಿ ಮನುಷ್ಯರು.

"ಇವ ಪರದೇಶದಾವ. ವೈರಿ ದೇಶದಾವ. ಇಲ್ಲಿ ಇರಬೇಕಂದ್ರ ಪರವಾನಗಿ ಬೇಕು" ಅಂದರು. "ಅರ್ಜಿ ಹಾಕ್ರಿ. ಹೊಲ ಮನಿ ಇದ್ದ ಇಬ್ಬರು ಜಾಮೀನು ನಿಲ್ಲಲಿ. ಪರವಾನಗಿ ಸಿಗಲಿಲ್ಲಂದ್ರ ತಂತಿಬೇಲಿ ಹಾಕಿದ ಕ್ಯಾಂಪಿಗೆ ಕಳಸ್ತಾರ. ಯುದ್ಧ ಮುಗಿಯೋತನಕಾ ಅಲ್ಲೇ."

ಅರ್ಜಿಯಲ್ಲಿ ಯಾವ ರಾಜ್ಯದ ಪ್ರಜೆ ಎಂದು ಬರೆಯುವ ಜಾಗದಲ್ಲಿ ಅವನು ಬಹಳ ಹೊತ್ತು ತಡೆದ. ಅವನೂರು ಮತ್ತೆ ಯಾರದೋ ಕೈಗೆ ಹೋಗಿತ್ತಂತೆ. ಗುಮಾಸ್ತ ರೇಗಿದ. ಕೊನೆಗೆ ಏನೋ ಒಂದು ಬರೆಸಿ, ಹತ್ತೂ ಬೆರಳಿನ ಗುರುತು ಒತ್ತಿಸಿಕೊಂಡರು. ವಸ್ತಾದರು ತಮ್ಮ ಮನೆಯನ್ನೇ ಜಾಮೀನಿಗಿಟ್ಟರು. ಇನ್ನೊಬ್ಬ ಜಾಮೀನು ನನ್ನ ಅಪ್ಪ.

ನಾವು ಹೊರಡುವಾಗ ಫೌಜದಾರರು ಅವನನ್ನು ಮತ್ತೆ ಕರೆದರು.

"ನೋಡಪಾ, ನಿನ್ನ ಅರ್ಜಿ ಚೌಕಶಿ ಮುಗಿಯೋತನಕಾ ಯಾರ ಮೈಮ್ಯಾಲೂ ಕೈ ಎತ್ತಬ್ಯಾಡ. ಕುಸ್ತೀನೂ ಬ್ಯಾಡ. ಒಂದ ಒಂದು ದೂರು ಬಂತಂದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ."

ಅವನು ಎರಡೂ ಕೈಗಳನ್ನು ಮುಂದೆ ಚಾಚಿ, ನೋಡಿಕೊಂಡು, "ಇವ ಮಲಗಿದಾನ್ರಿ ಸಾಹೇಬ್ರ" ಅಂದ.

ಅವನು ಕೈ ಎತ್ತುವಂತಿಲ್ಲ ಎಂಬ ಮಾತು ಹುಕ್ಕೇರಿ ಕಡೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಒಂದು ಸಂತೆಯ ದಿನ ಗೌಡರ ಮಗ ನಾಲ್ಕು ಆಳುಗಳೊಂದಿಗೆ ಗೋಕಾಕದ ಪೇಟೆಗೆ ಬಂದ. ಬಿಳಿ ಪೈಲವಾನ ಕಡಲೆ ಕೊಳ್ಳುತ್ತ ನಿಂತಿದ್ದ, ಪಕ್ಕದಲ್ಲಿ ನಾನು. ಗೌಡರ ಮಗ ಬಂದವನೇ ಕೆನ್ನೆಗೆ ಬಿಗಿದ. ಸಂತೆಯ ಗದ್ದಲ ತಟ್ಟನೆ ನಿಂತಿತು. ಇವನು ಅಲುಗಲಿಲ್ಲ. ಇನ್ನೊಂದು ಬಿತ್ತು. ಆಮೇಲೆ ಬಡಿಗೆಗಳು ಬಂದವು.

ನಾನು ಮುನ್ನುಗ್ಗಿದೆ. "ಬ್ಯಾಡ ತಮ್ಮಾ!" ಎಂದು ಅವನು ಗದರಿದ. ಅಷ್ಟರಲ್ಲಿ ಇಬ್ಬರು ನನ್ನನ್ನು ಹಿಡಿದು ಗೋಡೆಗೆ ಒತ್ತಿದರು. ಅವನು ಎರಡೂ ಕೈಗಳಿಂದ ತನ್ನ ಸೊಂಟದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದ. ಆ ಕೈಗಳು ತನ್ನ ಮಾತು ಮೀರಿ ಎಲ್ಲಿ ಎದ್ದುಬಿಡುತ್ತವೋ ಎನ್ನುವ ಹಾಗೆ. ಬಡಿಗೆ ಹೆಗಲಿಗೆ ಬಿತ್ತು, ಪಕ್ಕೆಗೆ ಬಿತ್ತು, ಬಾಯಿಗೆ ಬಿತ್ತು. ಹಲ್ಲು ಮುರಿದ ಸಪ್ಪಳ ನನಗೇ ಕೇಳಿಸಿತು. ಮೊಣಕಾಲೂರಿ ಕುಸಿದ ಮೇಲೂ ಪಟ್ಟಿ ಬಿಡಲಿಲ್ಲ. ಇಡೀ ಸಂತೆ ನಿಂತು ನೋಡಿತು. ವಸ್ತಾದರು ಓಡಿಬಂದು ಅವನ ಮೇಲೆ ಅಡ್ಡ ಬಿದ್ದ ಮೇಲೆಯೇ ಆ ಐವರೂ ಉಗುಳಿ ಹೋದದ್ದು.

ನಾನು ಅಳುತ್ತಿದ್ದೆ. "ಯಾಕಣ್ಣಾ? ಒಂದ ಏಟು ಹಾಕಿದ್ರ ಸಾಕಿತ್ತಲ್ಲೋ!"

ರಕ್ತದ ಜೊತೆ ಎರಡು ಹಲ್ಲು ಉಗುಳಿ ಅವನು ಅಂದ: "ಅರ್ಜಿ ಅದಾನ."

ವಸ್ತಾದರು ಸುಮ್ಮನಿರಲಿಲ್ಲ. ಠಾಣೆಗೆ ಫಿರ್ಯಾದಿ ಕೊಟ್ಟು, ಸಂತೆಯಲ್ಲಿ ನೋಡಿದವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಸಾಕ್ಷಿ ಹೇಳಿಸಿದರು. ಗೌಡರ ಆಳುಗಳಿಗೆ ಶಿಕ್ಷೆಯಾಯಿತು. ಗೌಡರ ಮಗ ಪಾರಾದ, ಆದರೆ ಕೋರ್ಟಿನ ಕಟ್ಟೆ ಹತ್ತಿದ ಅವಮಾನ ಉಳಿಯಿತು. ಬಿಳಿ ಪೈಲವಾನ ಪೆಟ್ಟು ತಿಂದೂ ಕೈ ಎತ್ತಲಿಲ್ಲ ಎಂಬ ಮಾತು ಫೌಜದಾರರ ವರದಿಯಲ್ಲಿ ಸೇರಿತು. ಮುರಿದ ಪಕ್ಕೆ ಕೂಡುವ ಹೊತ್ತಿಗೆ ಪರವಾನಗಿಯೂ ಬಂತು.

ಆ ದಿನ ಅವನು ಕುಣಿದದ್ದು... ಅವರೂರಿನ ಯಾವುದೋ ಕುಣಿತ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು. ವಸ್ತಾದರ ಮನೆಯಲ್ಲಿ ಹೋಳಿಗೆ ಮಾಡಿದರು. ಆ ಕಾಗದವನ್ನು ಅವರ ಕಾಲ ಬಳಿ ಇಟ್ಟು ಇವನು ಅಡ್ಡಬಿದ್ದ. "ಏಳಲೇ, ನೀ ಇನ್ನ ನಮ್ಮೂರಾವ" ಎಂದು ವಸ್ತಾದರು ಬೆನ್ನಿಗೊಂದು ಗುದ್ದಿದರು.

ಕೆಲವೇ ದಿನ ಕಳೆದಿರಬೇಕು. ಬೆಳಗಿನ ಕಸರತ್ತು ನಡೆದಿತ್ತು. ವಸ್ತಾದರು ಕುಸ್ತಿಯ ಮಣ್ಣು ಹದ ಮಾಡುತ್ತ ಬಗ್ಗಿದ್ದರು. ಬಾಗಿಲಲ್ಲಿ ನೆರಳು ಕಂಡಿತು. ಗೌಡರ ಮಗ, ಕುಡಿದಿದ್ದ, ಕೈಯಲ್ಲಿ ಕೊಡಲಿ. "ನನ್ನ ಕೋರ್ಟಿಗೆ ಎಳೀತಿಯೇನಲೇ ಮುದಕಾ!" ಎಂದು ಕೂಗಿದ್ದೊಂದೇ ಕೇಳಿಸಿತು. ಕುತ್ತಿಗೆಗೆ ಬೀಸಿದ ಏಟು ವಸ್ತಾದರ ಹೆಗಲಲ್ಲಿ ನಾಟಿತು. ಅವನು ಕೊಡಲಿ ಕಿತ್ತು ಮತ್ತೆ ಎತ್ತಿದ.

ಬಿಳಿ ಪೈಲವಾನ ಆ ಕೈಯನ್ನು ಗಾಳಿಯಲ್ಲೇ ಹಿಡಿದ. ಮೊಣಕೈಯನ್ನು ಹಿಂದಕ್ಕೆ ಮಡಚಿದ. ಹಸಿ ಕಟ್ಟಿಗೆ ಸೀಳಿದಂಥ ಸಪ್ಪಳ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ನಿಲ್ಲಿಸಲಿಲ್ಲ. ಅವನನ್ನು ತಲೆಯ ಮೇಲೆತ್ತಿ ಕಲ್ಲುಹಾಸಿನ ಮೇಲೆ ಅಪ್ಪಳಿಸಿದ. ಮತ್ತೆ ಎತ್ತಿ ಮತ್ತೆ ಅಪ್ಪಳಿಸಿದ. ಸಂತೆಯಲ್ಲಿ ತಿಂದ ಪೆಟ್ಟನ್ನೆಲ್ಲ ಅಷ್ಟು ದಿನ ಆ ಮೈ ಎಲ್ಲಿ ಇಟ್ಟುಕೊಂಡಿತ್ತೋ... ನಾವು ಐದಾರು ಜನ ಸೇರಿ ಎಳೆದರೂ ಬಿಡಲಿಲ್ಲ. "ಸಾಕು!" ಎಂದು ವಸ್ತಾದರು ಚೀರಿದಾಗ ಬಿಟ್ಟ. ಬಿಟ್ಟ ಮೇಲೆ ತನ್ನ ಕೈಗಳನ್ನು ನೋಡಿಕೊಂಡ.

ವಸ್ತಾದರು ರಕ್ತದಲ್ಲಿ ಕೂತೇ ನಮ್ಮನ್ನೆಲ್ಲ ನೋಡಿದರು. "ಎಲ್ಲಾರೂ ಕೇಳ್ರಿ. ಇದನ್ನ ಮಾಡಿದಾವ ನಾ. ಇವ ಇಲ್ಲಿ ಇರ್ಲೇ ಇಲ್ಲ." ಆಮೇಲೆ ನನಗೆ: "ಕರ್ಕೊಂಡು ಹೋಗು."

ಅವನಿಗೆ ಏನು ನಡೆಯುತ್ತಿದೆ ಎಂದು ತಿಳಿಯುವ ಮೊದಲೇ ಮಮದಾಪುರದ ದಾರಿ ಹಿಡಿಸಿದೆ. ಅಲ್ಲಿ ನನ್ನ ಅಕ್ಕನ ಹೊಲವಿತ್ತು. ಆಳೆತ್ತರದ ಜೋಳದ ನಡುವೆ ಒಂದು ಗುಡಿಸಲು. ವಸ್ತಾದರು ಆರಾಮ ಇದ್ದಾರೆ, ಕೇಸು ಆಗಿಲ್ಲ ಎಂದು ಹೇಳಿ ಅವನನ್ನು ಕೂರಿಸಿದೆ. ಖರೆ ಏನೆಂದರೆ, ಹೆಗಲಿಗೆ ಬಟ್ಟೆ ಸುತ್ತಿಕೊಂಡೇ ಅವರು ಠಾಣೆಗೆ ಹೋಗಿ ತಪ್ಪೊಪ್ಪಿಕೊಂಡಿದ್ದರು. ಗೌಡರ ಮಗನಿಗೆ ದವಡೆ ಒಡೆದು ಮಾತು ಬರುತ್ತಿರಲಿಲ್ಲ. ಮಗನನ್ನು ಕೋರ್ಟಿಗೆ ಎಳೆದ ಸಿಟ್ಟಿಗೆ ಗೌಡರಿಗೂ ವಸ್ತಾದರೇ ಒಳಗೆ ಹೋಗುವುದು ಬೇಕಾಗಿತ್ತು. ಫೌಜದಾರರು ಅವರನ್ನು ಕೋಣೆಯೊಳಗೆ ಹಾಕಿದರು.

ನನ್ನ ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ನಾಲ್ಕೈದು ದಿನದ ಮೇಲೆ ಬುತ್ತಿ ತಂದವಳು ಮರುಗುತ್ತ ಅಂದುಬಿಟ್ಟಳು: "ಪಾಪ, ನಿಮ್ಮ ವಸ್ತಾದರ ಹೆಗಲಾಗ ಕೀವು ತುಂಬೇತಂತ್ರಿ ಅಣ್ಣಾರ. ಆ ಕತ್ತಲ ಕೋಣ್ಯಾಗ ಯಾರು ನೋಡ್ತಾರ ಅವರನ್ನ?"

ಅವನು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. ನನ್ನನ್ನು ಒಮ್ಮೆ ನೋಡಿದ. ಎದ್ದು ಗೋಕಾಕದ ಕಡೆ ನಡೆಯತೊಡಗಿದ.

ನಾನು ದಾರಿಗೆ ಅಡ್ಡ ನಿಂತೆ. "ಹೋಗಬ್ಯಾಡಣ್ಣಾ. ನಿನ್ನ ಪರವಾನಗಿ ಉಳೀಲಿ ಅಂತನ ಅವರು ಒಳಗ ಹೋಗ್ಯಾರ" ಅಂದೆ. ಅವನು ಕೇಳಲಿಲ್ಲ. ಬಗ್ಗಿ ಅವನ ಕಾಲಿಗೆ ಕೈ ಹಾಕಿದೆ. ಆ ಬಂಡಿ ಜಾಡಿನಲ್ಲಿ, ನೋಡಲು ಒಬ್ಬರಿಲ್ಲದೆ, ನಾವಿಬ್ಬರೂ ಕುಸ್ತಿ ಹಿಡಿದೆವು. ನಾನು ನನ್ನ ಜೀವಮಾನದ ಬಲವನ್ನೆಲ್ಲ ಹಾಕಿದೆ. ಕಚ್ಚಿದೆ, ಪರಚಿದೆ, ಮುಖಕ್ಕೆ ಗುದ್ದಿದೆ. ಆಗಷ್ಟೇ ಕೂಡಿದ್ದ ಅವನ ಪಕ್ಕೆಗೆ ಮೊಣಕಾಲು ಕೊಟ್ಟೆ. ಅವನು ನರಳಿದ, ಆದರೆ ನನ್ನ ಸೊಂಟ ಹಿಡಿದು ಎತ್ತಿ ಅಂಗಾತ ಕೆಡವಿದ. ಎದೆಯ ಮೇಲೆ ಕೂತು, ನನ್ನ ಎರಡೂ ಭುಜ ನೆಲಕ್ಕೆ ತಾಗುವವರೆಗೂ ಒತ್ತಿ ಹಿಡಿದ. ಅವನ ಮೂಗಿನ ರಕ್ತ ನನ್ನ ಮುಖದ ಮೇಲೆ ತೊಟ್ಟಿಕ್ಕಿತು.

"ಸೋತಿ ತಮ್ಮಾ" ಅಂದ. ಎದ್ದು ನಡೆದ. ನಾನು ಬಿಕ್ಕುತ್ತ ಹಿಂದೆ ಹೋದೆ.

ಠಾಣೆಯಲ್ಲಿ ಫೌಜದಾರರ ಮೇಜಿನ ಮೇಲೆ ಪರವಾನಗಿಯನ್ನು ತಾನೇ ಇಟ್ಟ. "ಆ ಕೈ ನಾ ಮುರದೇನ್ರಿ. ಆ ದವಡಿ ನಾ ಒಡದೇನ್ರಿ. ಮುದುಕ ಸುಳ್ಳ ಹೇಳ್ಯಾನ."

ಫೌಜದಾರರು ಆ ಕಾಗದವನ್ನು ಹತ್ತಿರ ಎಳೆದುಕೊಂಡರು. "ಆ ವಯಸ್ಸಿನಾವ ಅಂಥಾ ಕೈ ಮುರೀತಾನ ಅಂತ ನಾ ನಂಬಿದ್ದೆ ಅಂತ ತಿಳಕೊಂಡಿಯೇನು?" ಎಂದು ಸಣ್ಣ ದನಿಯಲ್ಲಿ ಅಂದರು. "ನೀ ಬರದಿದ್ರ ನಡದು ಹೋಗ್ತಿತ್ತಲ್ಲೋ. ಆರು ತಿಂಗಳ ಶಿಕ್ಷಾ ಆಗ್ತಿತ್ತು, ಹೊರಗ ಬರ್ತಿದ್ರು."

"ಆರು ತಿಂಗಳು ಅವರು ಬದಕೂದಿಲ್ರಿ."

ಫೌಜದಾರರು ಕೆಂಪು ಶಾಯಿಯಲ್ಲಿ ಆ ಕಾಗದದ ಮೇಲೆ ಅಡ್ಡಗೆರೆ ಎಳೆದರು. ಒಳಗಿನಿಂದ ವಸ್ತಾದರ ಕೂಗು ಕೇಳುತ್ತಿತ್ತು. ಅವನನ್ನು ಬೈಯುತ್ತಿದ್ದರು. ಅಂಥ ಹೊಲಸು ಬೈಗುಳಗಳನ್ನು ಅವರ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು.

ಅವರನ್ನು ಬೆಳಗಾವಿಯ ದವಾಖಾನೆಗೆ ಒಯ್ದರು. ಜೀವ ಉಳಿಯಿತು, ಕೈ ಉಳಿಯಲಿಲ್ಲ. ಅವನ ಮೇಲೆ ಮೊಕದ್ದಮೆ ನಡೆಯಲಿಲ್ಲ. ವೈರಿ ದೇಶದವನು, ನೇರ ಕ್ಯಾಂಪಿಗೆ ಎಂದು ಮೇಲಿನಿಂದ ಹುಕುಂ ಬಂತು. ಗೋಕಾಕ ರೋಡ ಸ್ಟೇಶನ್ನಿಗೆ ಬೇಡಿ ಹಾಕಿ ತಂದರು. ವಸ್ತಾದರು ಗಾಡಿ ಕಟ್ಟಿಸಿಕೊಂಡು ಬಂದಿದ್ದರು, ಒಂದು ತೋಳು ಖಾಲಿ.  ರೈಲು ಅಲುಗಿದಾಗ, ಗರಡಿಯಲ್ಲಿ ಗದರುವ ದನಿಯಲ್ಲೇ ಅವರು ಕೂಗಿದರು: "ಕಸರತ್ತು ಬಿಡಬ್ಯಾಡಲೇ!"

"ಇಲ್ರಿ ವಸ್ತಾದ್ರ" ಎಂದು ಅವನ ದನಿ ಕೇಳಿಸಿತು. ಮುಖ ಕಾಣಲಿಲ್ಲ, ಸಿಪಾಯಿ ಅಡ್ಡ ನಿಂತಿದ್ದ.

ಯುದ್ಧ ಮುಗಿಯಿತು. ಕ್ಯಾಂಪಿನವರನ್ನು ಹಡಗು ಹತ್ತಿಸಿದರು ಎಂದು ಯಾರೋ ಅಂದರು, ಅಲ್ಲೇ ಹೊಟ್ಟೆಬೇನೆಯಿಂದ ಎಷ್ಟೋ ಜನ ಸತ್ತರು ಎಂದು ಇನ್ಯಾರೋ ಅಂದರು. ನಾನು ಬೆಳಗಾವಿಗೆ ಎರಡು ಸಲ ಹೋಗಿ ಕಚೇರಿಗಳಲ್ಲಿ ಕೇಳಿದೆ. ಅವನ ಊರು ಮತ್ತೊಮ್ಮೆ ಕೈ ಬದಲಾಯಿಸಿದೆ ಎಂಬುದಷ್ಟೇ ತಿಳಿಯಿತು. ವಸ್ತಾದರು ಮತ್ತೆ ಕುಸ್ತಿ ಕಲಿಸಲಿಲ್ಲ. ಬಾಗಿಲ ಬಳಿ ಕೂತು ನಮ್ಮ ಆಟ ನೋಡುತ್ತ, ಸ್ವರಾಜ್ಯ ಬಂದ ಮೇಲೆ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಗೌಡರ ಮಗನನ್ನು ಎಷ್ಟೋ ವರ್ಷದ ಮೇಲೆ ಹುಕ್ಕೇರಿ ಪೇಟೆಯಲ್ಲಿ ಕಂಡೆ. ಎಡಗೈಯಲ್ಲಿ ಚೀಲ, ಬಲಗೈ ಜೋತುಬಿದ್ದಿತ್ತು. ಅವನೂ ನನ್ನ ಗುರುತು ಹಿಡಿದ. ಇಬ್ಬರೂ ನಮ್ಮ ನಮ್ಮ ದಾರಿ ಹಿಡಿದೆವು.

ಆ ಗರಡಿಯ ಹುಡುಗರಲ್ಲಿ ಈಗ ಉಳಿದವನು ನಾನೊಬ್ಬ. ಅವನ ಮುಖ ಅರ್ಧಕ್ಕರ್ಧ ಮಾಸಿಹೋಗಿದೆ, ಕಣ್ಣಿನ ಬಣ್ಣ ನೀಲಿಯೋ ಬೂದಿಯೋ ಎಂದು ಆಣೆ ಮಾಡಿ ಹೇಳಲಾರೆ... ಆದರೆ ಅವನ ಕೈ ಸೊಂಟಕ್ಕೆ ಬಿದ್ದಾಗ ಎಷ್ಟು ಭಾರ, ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದು ಈ ಮೈಗೆ ಇನ್ನೂ ಗೊತ್ತು. ನಾನು ಹೋದ ಮೇಲೆ ಅದನ್ನು ಬಲ್ಲ ಮೈ ಈ ಊರಿನಲ್ಲಿ ಒಂದೂ ಇರುವುದಿಲ್ಲ.